ಹಾಯಿದೋಣಿಯಲ್ಲಿ ಡ್ರಾಫ್ಟ್ ಬಿಯರ್: ನಾಲ್ಕು ಲೀಟರ್ ಮಿನಿ ಕೆಗ್ ಜೊತೆ ಕೆಲವು ಬೇಸಿಗೆ

ಮೊದಲೇ ಹೇಳಿಬಿಡುತ್ತೇನೆ. ಬೋಟಿನಲ್ಲಿ ತಣ್ಣಗಿನ ಬಿಯರ್ ಸಿಕ್ಕರೆ ಸಾಕು ಅನ್ನುವವರು ಕ್ಯಾನ್ ತಗೊಂಡು ಹೋಗಿ. ಅಗ್ಗ, ರಗಳೆ ಇಲ್ಲ, ತೊಳೆಯುವ ಕೆಲಸವೂ ಇಲ್ಲ. ಈ ವಿಮರ್ಶೆ ನಲ್ಲಿ ತಿರುಗಿಸಿ, ಗ್ಲಾಸು ಓರೆ ಹಿಡಿದು, ಮೇಲೆ ಎರಡು ಬೆರಳು ನೊರೆ ನಿಲ್ಲಿಸಿಯೇ ಕುಡಿಯಬೇಕು ಅನ್ನುವ ಹಟದವರಿಗೆ. ನನಗೆ ಆ ಹಟ ಇದೆ.

ನನ್ನ ಹತ್ತಿರ ಇರುವುದು ಸ್ಟೇನ್‌ಲೆಸ್ ಸ್ಟೀಲಿನ ಮಿನಿ ಕೆಗ್, ಅಂದರೆ ನಲ್ಲಿ ಇರುವ ಪುಟ್ಟ ಬಿಯರ್ ಪೀಪಾಯಿ. ಎರಡು ಗೋಡೆ, ನಡುವೆ ಗಾಳಿ ಇಲ್ಲ, ಥರ್ಮಾಸ್ ಫ್ಲಾಸ್ಕಿನ ದಪ್ಪ ಅಣ್ಣ ಅಂದುಕೊಳ್ಳಿ. ಹೆಚ್ಚುಕಮ್ಮಿ ನಾಲ್ಕು ಲೀಟರ್ ಹಿಡಿಸುತ್ತದೆ, ಅಂದರೆ 355 ಎಂಎಲ್‌ನ ಹನ್ನೊಂದು ಕ್ಯಾನಿನಷ್ಟು. ಮುಚ್ಚಳದಲ್ಲೇ ಗ್ಯಾಸಿನ ಒತ್ತಡ ಹತೋಟಿಯಲ್ಲಿಡುವ ಪುಟ್ಟ ರೆಗ್ಯುಲೇಟರ್, ಅದಕ್ಕೆ 16 ಗ್ರಾಂನ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಡ್ಜ್, ಪಕ್ಕದಲ್ಲಿ ನಲ್ಲಿ. ಅಷ್ಟೇ ಸಾಮಾನು. ಬೋಟ್ 30 ಅಡಿಯದು, ಹಳೇದು. ಅಮೆರಿಕದ ಮೇರಿಲ್ಯಾಂಡಿನಲ್ಲಿ, ಅನಾಪೊಲಿಸ್ ಹತ್ತಿರ ಚೆಸಪೀಕ್ ಕೊಲ್ಲಿಯಲ್ಲಿ ಇರುತ್ತದೆ.

ಜಾಗ ಹೇಳಿದ್ದು ಸುಮ್ನೆ ಅಲ್ಲ. ಸಿಯಾಟಲ್ ಕಡೆಯ ಪ್ಯೂಜೆಟ್ ಸೌಂಡ್‌ನಲ್ಲಿ ಬೇಸಿಗೆಯಲ್ಲೂ ನೀರು ಕೊರೆಯುತ್ತದೆ. ಅಲ್ಲಿನವರು ಬಾಟಲಿಗಳನ್ನು ಬೋಟಿನ ತಳದಲ್ಲಿ ಮಲಗಿಸಿಟ್ಟರೆ ಸಾಕು, ಅರ್ಧ ಕೆಲಸ ಸಮುದ್ರವೇ ಮಾಡಿಕೊಡುತ್ತದೆ. ಚೆಸಪೀಕ್‌ನಲ್ಲಿ ಆ ಭಾಗ್ಯ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಕೊಲ್ಲಿಯ ನೀರು 27 ಡಿಗ್ರಿ ಆಸುಪಾಸಿಗೆ ಬಂದಿರುತ್ತದೆ. ಸೆಕೆ ಥೇಟ್ ನಮ್ಮ ಮಂಗಳೂರಿನ ಮೇ ತಿಂಗಳು. ತಣ್ಣಗೆ ಮಾಡುವುದಿದ್ದರೆ ಐಸಿನಿಂದ ಆಗಬೇಕು, ಇಲ್ಲವೇ ಬ್ಯಾಟರಿಯಿಂದ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನನ್ನ ಗೆಳೆಯನ ಬೋಟಿನಲ್ಲಿ 19 ಲೀಟರಿನ ಕಾರ್ನಿ ಕೆಗ್ ಇದೆ. ಹಿಂದೆ ಸೋಡಾ ಕಂಪನಿಗಳು ಸಿರಪ್ ತುಂಬಲು ಬಳಸುತ್ತಿದ್ದ ಉದ್ದನೆಯ ಡಬ್ಬ. ಆ ಕಂಪನಿಗಳು ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾದ ಮೇಲೆ ಹಳೆಯವೆಲ್ಲ ಮನೆಯಲ್ಲಿ ಬಿಯರ್ ಮಾಡುವವರ ಪಾಲಾದವು. ಗಟ್ಟಿ ಸಾಮಾನು, ಅದರಲ್ಲಿ ಎರಡು ಮಾತಿಲ್ಲ. ಆದರೆ 19 ಲೀಟರ್ ಬಿಯರನ್ನು 27 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಐದೂವರೆ ಕಿಲೋ ಐಸು ಕರಗಬೇಕು. ಇದು ಬರೀ ಬಿಯರಿಗೆ. ಐಸ್‌ಬಾಕ್ಸಿನ ಗೋಡೆಯಿಂದ ಒಳಗೆ ನುಗ್ಗುವ ಬಿಸಿ ಬೇರೆ. 12 ವೋಲ್ಟ್ ಫ್ರಿಜ್ ಇದ್ದರೆ ಅದೇ ಕೆಲಸಕ್ಕೆ ಬ್ಯಾಟರಿಯಿಂದ ಸುಮಾರು 30 ಆಂಪಿಯರ್-ಅವರ್ (ಬ್ಯಾಟರಿಯ ಚಾರ್ಜ್ ಅಳೆಯುವ ಲೆಕ್ಕ) ಹೋಗುತ್ತದೆ. 100 ಆಂಪಿಯರ್-ಅವರಿನ ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು ಅಂತ ಇಟ್ಟುಕೊಂಡರೆ, ರಾತ್ರಿ ದೀಪಕ್ಕೂ ರೇಡಿಯೋಗೂ ಉಳಿಯುವುದು ಎಷ್ಟು? ನಾಲ್ಕು ಲೀಟರಿಗಾದರೆ ಒಂದು ಕಿಲೋ ಚಿಲ್ಲರೆ ಐಸು ಸಾಕು. ನನ್ನ ಕೆಗ್ಗಿಗೆ ಅದೂ ಬೇಡ, ತುಂಬಿಸುವಾಗಲೇ ತಣ್ಣಗಿದ್ದರೆ.

ಆ "ಇದ್ದರೆ"ಯನ್ನು ಅಂಗಡಿಯವರು ಜೋರಾಗಿ ಹೇಳುವುದಿಲ್ಲ. ಎರಡು ಗೋಡೆಯ ಕೆಗ್ ತಣ್ಣಗಿರುವುದನ್ನು ತಣ್ಣಗೆ ಇಡುತ್ತದೆ, ಬೆಚ್ಚಗಿರುವುದನ್ನು ಬೆಚ್ಚಗೆ ಇಡುತ್ತದೆ. ಬೆಚ್ಚಗಿನ ಬಿಯರ್ ತುಂಬಿ ಐಸಿನಲ್ಲಿ ಹೂತಿಟ್ಟರೂ ಬೇಗ ತಣ್ಣಗಾಗುವುದಿಲ್ಲ, ಯಾಕಂದರೆ ಐಸಿನ ತಂಪು ಒಳಗೆ ದಾಟಬೇಕಲ್ಲ. ಹಾಗಾಗಿ ಬಿಯರ್ ತುಂಬಿಸಿಕೊಳ್ಳಲು ಬ್ರೂವರಿಗೆ, ಅಂದರೆ ಬಿಯರ್ ತಯಾರಿಸುವವರ ಹತ್ತಿರ, ಹೋಗುವ ಮುಂಚೆ ಕೆಗ್ಗಿನೊಳಗೆ ಐಸ್ ನೀರು ತುಂಬಿಸಿಡುತ್ತೇನೆ, ಕೌಂಟರಿನ ಮುಂದೆ ಚೆಲ್ಲಿ ಕೊಡುತ್ತೇನೆ. ಕೆಗ್ ತಣ್ಣಗಿದ್ದರೆ ತುಂಬುವಾಗ ನೊರೆಯೂ ಕಮ್ಮಿ. ಎಲ್ಲ ಬ್ರೂವರಿಯವರೂ ಹೊರಗಿನ ಪಾತ್ರೆಗೆ ತುಂಬಿಕೊಡುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಶುಕ್ರವಾರ ಸಂಜೆ ತುಂಬಿಸಿದ ಬಿಯರ್ ಶನಿವಾರ ರಾತ್ರಿಯವರೆಗೆ ಸೊಗಸಾಗಿರುತ್ತದೆ, ನೆರಳಿನಲ್ಲಿಟ್ಟರೆ. ಭಾನುವಾರ ಮಧ್ಯಾಹ್ನಕ್ಕೆ ನೊರೆ ಜಾಸ್ತಿ, ರುಚಿ ಕಮ್ಮಿ. ಎರಡು ರಾತ್ರಿಗಿಂತ ದೊಡ್ಡ ಪ್ರಯಾಣಕ್ಕೆ ಇದು ಆಗದು.

ತಂಪು ಇಷ್ಟಾಯಿತು. ಬೋಟಿನಲ್ಲಿ ನಿಜವಾದ ತಲೆನೋವು ಅಲುಗಾಟ. ಹಾಯಿಗೆ ಗಾಳಿ ತುಂಬಿದಾಗ ಬೋಟ್ 15-20 ಡಿಗ್ರಿ ಒಂದು ಬದಿಗೆ ವಾಲುತ್ತದೆ. ಅಲೆಗೆ ಎದ್ದು ಬೀಳುತ್ತದೆ. ಒಳಗೆ ಬಿಯರ್ ಕುಲುಕುತ್ತಲೇ ಇರುತ್ತದೆ. ಮನೆಯಲ್ಲಿ ಬಿಯರ್ ಮಾಡುವವರು ಬೇಗ ಗ್ಯಾಸು ಹಿಡಿಸಬೇಕಾದಾಗ ಏನು ಮಾಡುತ್ತಾರೆ? ಗ್ಯಾಸು ಬಿಟ್ಟು ಕೆಗ್ಗನ್ನು ಕುಲುಕುತ್ತಾರೆ. ನಾವು ರೆಗ್ಯುಲೇಟರ್ ತೆರೆದಿಟ್ಟು ಹಾಯಿ ಏರಿಸಿದರೆ ಕೊಲ್ಲಿ ಪೂರ್ತಿ ಅದೇ ಕೆಲಸ ಮಾಡುತ್ತಾ ಹೋಗುತ್ತದೆ. ಗೆಳೆಯನ ಬೋಟಿನಲ್ಲಿ ಒಂದು ಶನಿವಾರ ಹೀಗೇ ಆಯಿತು. ಅವನು ನಲ್ಲಿ ಒತ್ತಿದ, ಗ್ಲಾಸು ತುಂಬಿತು, ತಳದಲ್ಲಿ ಒಂದು ಇಂಚು ಬಿಯರ್.

"ಏನ್ ಮಾರಾಯ, ಬರೀ ನೊರೆ ಕೊಡ್ತೀಯಲ್ಲ!" ಅಂದೆ.

"ಕುಡಿ ಮಾರಾಯ, ದುಡ್ಡು ಕೇಳ್ಲಿಲ್ಲ ಅಲ್ವಾ?" ಅಂದ.

ಅವನ ಕೆಗ್ಗಿನಿಂದ ನಲ್ಲಿಗೆ ಬರುವ ಪೈಪು ಐಸ್‌ಬಾಕ್ಸಿನ ಹೊರಗೆ ಬಿಸಿಲಿಗೆ ನೇತಾಡುತ್ತಿತ್ತು, ಅದೂ ಸೇರಿತು. ಪೈಪಿನಲ್ಲಿ ನಿಂತ ಬಿಯರ್ ಬೆಚ್ಚಗಾದರೆ ಮೊದಲ ಗ್ಲಾಸು ಯಾವತ್ತೂ ನೊರೆಯೇ. ಪೈಪನ್ನು ಸುರುಳಿ ಸುತ್ತಿ ಪೆಟ್ಟಿಗೆಯೊಳಗೇ ಇಡಬೇಕು.

ನಾನು ಪಾಲಿಸುವ ಕ್ರಮ ಹೀಗಿದೆ. ಬೋಟ್ ಹೊರಟಾಗ ಗ್ಯಾಸು ಬಂದ್. ಕೆಗ್ಗಿಗೆ ಬೆಲ್ಟ್ ಬಿಗಿದು, ಬೋಟ್ ಕಡಿಮೆ ಅಲುಗುವ ಕಡೆ, ಅಂದರೆ ಕ್ಯಾಬಿನ್ನಿಗೆ ಇಳಿಯುವ ಮೆಟ್ಟಿಲ ಬುಡದಲ್ಲಿ ನೆಟ್ಟಗೆ ಕೂರಿಸುವುದು. ಲಂಗರು ಕಚ್ಚಿತು ಅಂತ ಖಾತ್ರಿಯಾದ ಮೇಲೆ ಅರ್ಧ ಗಂಟೆ ಅದನ್ನು ಮುಟ್ಟುವುದಿಲ್ಲ. ಆಮೇಲೆ ಒಳಗಿನ ಗ್ಯಾಸನ್ನು ಮುಚ್ಚಳದಿಂದ ಸ್ವಲ್ಪ ಹೊರಗೆ ಬಿಟ್ಟು, ರೆಗ್ಯುಲೇಟರನ್ನು 3-5 ಪಿಎಸ್‌ಐಗೆ (ಒತ್ತಡದ ಅಳತೆ) ಇಟ್ಟು ಗ್ಲಾಸಿಗೆ ಹಿಡಿಯುವುದು. ಗ್ಲಾಸು ಓರೆ ಇರಲಿ, ನಲ್ಲಿಯನ್ನು ಒಮ್ಮೆಗೇ ಪೂರ್ತಿ ತೆರೆಯಿರಿ. ಹೆದರಿಕೊಂಡು ಅರ್ಧ ತೆರೆದರೆ ಬಿಯರ್ ಇಕ್ಕಟ್ಟಿನಲ್ಲಿ ಸಿಡಿದು ನೊರೆ ದುಪ್ಪಟ್ಟಾಗುತ್ತದೆ. ಹೊಸಬರೆಲ್ಲ ಅರ್ಧವೇ ತೆರೆಯುತ್ತಾರೆ, ಹೇಳಿದರೂ ಕೇಳುವುದಿಲ್ಲ. ಎಲ್ಲರಿಗೂ ಹಿಡಿದಾದ ಮೇಲೆ ಒತ್ತಡ ಮತ್ತೆ 10-12ಕ್ಕೆ. 4 ಡಿಗ್ರಿಯ ಬಿಯರಿನಲ್ಲಿ ಗ್ಯಾಸು ನಿಲ್ಲಲು ಅಷ್ಟು ಬೇಕು. ಅದೇ ಬಿಯರ್ 27 ಡಿಗ್ರಿಗೆ ಬಂದರೆ 30 ಪಿಎಸ್‌ಐ ದಾಟಬೇಕಾಗುತ್ತದೆ. ಬೆಚ್ಚಗಿನ ಬಿಯರ್ ಬೋಟಿನಲ್ಲಿ ಯಾಕೆ ಹತೋಟಿಗೆ ಸಿಗುವುದಿಲ್ಲ ಅನ್ನುವುದು ಇದರಲ್ಲೇ ಇದೆ.

ಮನೆಯಲ್ಲಿ ಮಾಡಿದ ಬಿಯರ್ ಈ ಕೆಲಸಕ್ಕೆ ಬೇಡ. ತಳದ ಯೀಸ್ಟ್ ಎಲ್ಲ ಎದ್ದು ಕೆಸರಾಗುತ್ತದೆ. ಬ್ರೂವರಿಯ ತಿಳಿ ಲಾಗರ್ ಅಥವಾ ಪಿಲ್ಸ್‌ನರ್ ಒಳ್ಳೆಯದು. ಓಲ್ಡ್ ಬೇ ಮಸಾಲೆ ಮೆತ್ತಿ ಹಬೆಯಲ್ಲಿ ಬೇಯಿಸಿದ ಇಲ್ಲಿನ ನೀಲಿ ಏಡಿಗೂ ಅದೇ ಸರಿ. (ಏಡಿ ಸುಕ್ಕಕ್ಕೂ. ಆದರೆ ಬೋಟಿನಲ್ಲಿ ತೆಂಗಿನಕಾಯಿ ತುರಿಯುವವರು ಯಾರು?)

ಗ್ಯಾಸಿನ ವಿಷಯದಲ್ಲಿ ಚಿಕ್ಕ ಕೆಗ್ಗಿಗೆ ನನ್ನ ಪೂರ್ತಿ ಓಟು. 16 ಗ್ರಾಂನ ಒಂದು ಕಾರ್ಟ್ರಿಡ್ಜ್ ಒಂದು ಕೆಗ್ ಖಾಲಿ ಮಾಡಲು ಸಾಕು, ಸೋರಿದರೂ ಅಪಾಯ ಇಲ್ಲ. ದೊಡ್ಡ ಕೆಗ್ಗಿನ ಜೊತೆ ಬರುವ 5 ಪೌಂಡ್ ಸಿಲಿಂಡರ್ ಹಾಗಲ್ಲ. ಪೂರ್ತಿ ಸೋರಿದರೆ ಒಂದು ಘನ ಮೀಟರಿಗಿಂತ ಜಾಸ್ತಿ ಗ್ಯಾಸು. ಅದು ಗಾಳಿಗಿಂತ ಭಾರ, ತಳದಲ್ಲಿ, ನಾವು ಮಲಗುವ ಮಟ್ಟದಲ್ಲಿ ಶೇಖರವಾಗಿ ಉಸಿರುಗಟ್ಟಿಸುತ್ತದೆ. ಬೋಟಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದಕ್ಕೆ ಕೂಗುವುದಿಲ್ಲ, ಅದು ಬೇರೆಯೇ ಗ್ಯಾಸು. ಮುಚ್ಚಿದ ಕ್ಯಾಬಿನ್ನಿನಲ್ಲಿ ಅಂಥ ಸಿಲಿಂಡರ್ ಇಟ್ಟುಕೊಂಡು ನಾನಂತೂ ಮಲಗುವುದಿಲ್ಲ. ಗೆಳೆಯನೂ ಈಗ ಅದನ್ನು ಹೊರಗಿನ ಲಾಕರಿಗೆ ಹಾಕಿದ್ದಾನೆ.

ಬಾಳಿಕೆ? ಸ್ಟೀಲಿನ ಮೈ ಚೆನ್ನಾಗಿದೆ. ನಲ್ಲಿಯ ಹೊಳಪು ಮೊದಲ ಬೇಸಿಗೆಯಲ್ಲೇ ಹೋಯಿತು, ಈಗ ಸಣ್ಣ ಸಣ್ಣ ಕಂದು ಚುಕ್ಕೆ. ಒತ್ತಡ ತೋರಿಸುವ ಮೀಟರಿನ ಗಾಜಿನೊಳಗೆ ಹಬೆ ಕೂತು ಓದಲು ಕಷ್ಟ. ಉಪ್ಪುಗಾಳಿಗೆ ಕಾರ್ಟ್ರಿಡ್ಜುಗಳ ಕುತ್ತಿಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಪುಡಿ ರೆಗ್ಯುಲೇಟರಿನ ರಬ್ಬರ್ ವಾಶರನ್ನು ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ. ವಾಶರ್ ಸೆಟ್ಟು ಒಂದೆರಡು ಜಾಸ್ತಿ ಇರಲಿ, ಆಹಾರಕ್ಕೆ ತಗುಲಿದರೂ ತೊಂದರೆಯಿಲ್ಲದ ಫುಡ್-ಗ್ರೇಡ್ ಸಿಲಿಕೋನ್ ಗ್ರೀಸ್ ಸ್ವಲ್ಪ ಹಚ್ಚಿ. ತೊಳೆಯಲು ಬ್ಲೀಚ್ ಮಾತ್ರ ಬೇಡ, ಕ್ಲೋರಿನ್ ಸ್ಟೀಲನ್ನು ಕೊರೆಯುತ್ತದೆ. ಸೋಮವಾರ ತೊಳೆದರಾಯಿತು ಅಂತ ಬಿಟ್ಟರೆ ನಲ್ಲಿಯೊಳಗೆ ಹುಳಿ ವಾಸನೆ ಗ್ಯಾರಂಟಿ.

ಕಾನೂನು ಗೊತ್ತಿರಲಿ: ಅಮೆರಿಕದ ಬಹುತೇಕ ಕಡೆ ಬೋಟ್ ನಡೆಸುವವರ ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.08 ಶೇಕಡಾ, ಕಾರಿನ ಹಾಗೇ. ಮೋಟರ್ ಬಂದ್ ಮಾಡಿ ಬರೀ ಹಾಯಿಯಲ್ಲಿ ಹೋಗುತ್ತಿದ್ದೆ ಅಂದರೆ ಬಿಡುವುದಿಲ್ಲ. ಹೇಗೂ ಈ ಕೆಗ್ ಲಂಗರು ಹಾಕುವ ತನಕ ಒಳ್ಳೆಯ ಬಿಯರ್ ಕೊಡುವುದಿಲ್ಲ, ಅಷ್ಟರ ಮಟ್ಟಿಗೆ ಅದೇ ಪೊಲೀಸು.

ಐದಕ್ಕೆ ಮೂರೂವರೆ ಕೊಡುತ್ತೇನೆ. ನಾಲ್ಕು ಜನ, ಒಂದು ರಾತ್ರಿ, ಕೊಲ್ಲಿಯ ಆಚೆ ದಡದ ಸೇಂಟ್ ಮೈಕಲ್ಸ್ ಊರಿನಲ್ಲಿ ಅಥವಾ ವೈ ನದಿಯಲ್ಲಿ ಲಂಗರು, ಇದಕ್ಕೆ ಹೇಳಿ ಮಾಡಿಸಿದ್ದು. ಆರು ಜನ ಇದ್ದರೆ ಎರಡು ಕೆಗ್ ಒಯ್ಯಿರಿ, ದೊಡ್ಡದು ಒಂದು ಬೇಡ. ವಾರಗಟ್ಟಲೆ ಹೋಗುವವರು ಐಸ್‌ಬಾಕ್ಸಿನಲ್ಲಿ ಹಿಡಿಸುವ ಒಂದೇ ಗೋಡೆಯ ಕೆಗ್ ನೋಡಿ, ಅದು ದಾರಿಯಲ್ಲಿ ಮತ್ತೆ ತುಂಬಿಸಿದ ಮೇಲೂ ತಣ್ಣಗಾಗುತ್ತದೆ. ಅರ್ಧ ಅಂಕ ಕಡಿಮೆಯಾದದ್ದು ಆ ಮೀಟರಿಗೆ, ಒಂದು ಪೂರ್ತಿ ಅಂಕ ಹೋದದ್ದು ನಲ್ಲಿಗೆ. ಬೋಟಿಗೆ ಅಂತ ಮಾರುವ ಸಾಮಾನಿಗೆ ತುಕ್ಕು ಹಿಡಿಯದ ನಲ್ಲಿ ಹಾಕಲು ಏನು ಕಷ್ಟವೋ.