900 ರೂಪಾಯಿಯ ಹಸಿರು ಪರದೆ: ಎರಡು ತಿಂಗಳು ಬಳಸಿದ ಮೇಲೆ

ಅಮ್ಮನನ್ನು ಆಕಾಶದಲ್ಲಿ ಹಾರಿಸಬೇಕಿತ್ತು. ತಂಗಿಯ ಮಗ ಕಾಲೇಜಿಗೆ ಅಂತ ಒಂದು ಕಿರುಚಿತ್ರ ಮಾಡುತ್ತಿದ್ದ, ಅದರಲ್ಲಿ ಅಜ್ಜಿ ತನ್ನ ಊರಿನ ಮೇಲೆ ಹಾರಿಕೊಂಡು ಹೋಗುವ ಕನಸು ಬರುತ್ತದೆ. ಅದಕ್ಕೇ ಆನ್‌ಲೈನ್‌ನಲ್ಲಿ 8 ಅಡಿ ಅಗಲ, 12 ಅಡಿ ಉದ್ದದ ಹಸಿರು ಪರದೆ ತರಿಸಿದೆವು. ಅದರ ಮುಂದೆ ಅಮ್ಮನನ್ನು ಶೂಟ್ ಮಾಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಹಸಿರಿನ ಜಾಗಕ್ಕೆ ಆಕಾಶ ಸೇರಿಸೋದು.

ಬಣ್ಣಕ್ಕೆ ಪೂರ್ತಿ ಅಂಕ. ಎರಡು ಸಲ ಒಗೆದರೂ ಬಿಟ್ಟಿಲ್ಲ. ಅಂಚಿನ ಹೊಲಿಗೆ ಗಟ್ಟಿಯಾಗಿದೆ, ಮೇಲ್ಗಡೆ ಕೋಲು ತೂರಿಸೋಕೆ ಜಾಗವನ್ನೂ ಬಿಟ್ಟಿದ್ದಾರೆ.

ಆದರೆ ಬಟ್ಟೆ ತೀರಾ ತೆಳು. ಹಿಂದೆ ಕಿಟಕಿ ಇದ್ದರೆ ಸರಳುಗಳ ನೆರಳು ಪರದೆ ಮೇಲೆ ಎದ್ದು ಕಾಣುತ್ತದೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಮಡಿಕೆ. ಚಿಕ್ಕ ಪ್ಯಾಕೆಟ್‌ನಲ್ಲಿ ಒತ್ತಿ ಮಡಚಿ ಕಳಿಸುತ್ತಾರೆ, ಬಿಚ್ಚಿದರೆ ಚೌಕಾಬಾರದ ಮನೆಗಳ ಹಾಗೆ ಗೆರೆ. ಸಾಫ್ಟ್‌ವೇರ್ ಮಾಡೋದು ಇಷ್ಟೇ: ಈ ಹಸಿರು ಎಲ್ಲಿದೆಯೋ ಅಲ್ಲೆಲ್ಲ ಅಳಿಸು, ಆ ಜಾಗದಲ್ಲಿ ಬೇರೆ ಚಿತ್ರ ತೋರಿಸು. ಮಡಿಕೆಯ ನೆರಳಿನಲ್ಲಿ ಹಸಿರು ಕಪ್ಪಾಗುತ್ತದೆ, ಅದು ಅಳಿಯುವುದಿಲ್ಲ. ನಮ್ಮ ಮೊದಲ ಶಾಟ್‌ನಲ್ಲಿ ಆಕಾಶದ ತುಂಬ ಬೂದು ಬಣ್ಣದ ದಾರ ನೇತಾಡುತ್ತಿತ್ತು. ರಾತ್ರಿ ನೀರು ಚಿಮುಕಿಸಿ, ಸುತ್ತ ಕ್ಲಿಪ್ ಹಾಕಿ ಬಿಗಿಯಾಗಿ ಎಳೆದು ಬಿಟ್ಟೆವು. ಬೆಳಿಗ್ಗೆ ಮುಕ್ಕಾಲು ಪಾಲು ಹೋಗಿತ್ತು.

ಇನ್ನೊಂದು ವಿಷಯ, ಇದು ಯಾವ ಪರದೆ ಕೊಂಡರೂ ಅನ್ವಯಿಸುತ್ತದೆ. ಪರದೆಗೆ ಒರಗಿ ನಿಲ್ಲಬೇಡಿ, ಕನಿಷ್ಠ ಆರಡಿ ಮುಂದೆ ಬನ್ನಿ. ಹತ್ತಿರ ನಿಂತರೆ ಹಸಿರು ಬೆಳಕು ಕುತ್ತಿಗೆಗೆ, ಕೂದಲಿನ ಅಂಚಿಗೆ ಹೊಡೆಯುತ್ತದೆ. ಪರದೆಗೇ ಬೇರೆ ಎರಡು ಲೈಟ್ ಕೊಡಿ, ಎರಡೂ ಕಡೆಯಿಂದ ಒಂದೇ ಸಮ ಬೀಳಬೇಕು. ಮೊಬೈಲ್ ಆದರೆ ಎಕ್ಸ್‌ಪೋಶರ್ ಲಾಕ್ ಮಾಡಿ, ಅಂದರೆ ಚಿತ್ರದ ಬೆಳಕು ತಾನಾಗಿಯೇ ಹೆಚ್ಚುಕಮ್ಮಿ ಆಗದ ಹಾಗೆ. ಇಷ್ಟು ಮಾಡಿದ ಮೇಲೆ ಡಾವಿಂಚಿ ರಿಸಾಲ್ವ್ ಅನ್ನೋ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೇ ಕೆಲಸ ಆಯಿತು.

ಎಲ್ಲ ಸರಿಹೋಯಿತು ಅನ್ನುವಾಗ ಬಳೆ ಅಡ್ಡ ಬಂತು. ಅಮ್ಮನ ಕೈಯಲ್ಲಿ ಹಸಿರು ಗಾಜಿನ ಬಳೆ. ಕಂಪ್ಯೂಟರ್‌ನಲ್ಲಿ ನೋಡಿದರೆ ಬಳೆ ಇದ್ದ ಕಡೆಯೆಲ್ಲ ಮಣಿಕಟ್ಟು ತುಂಡಾಗಿ ಅದರೊಳಗಿಂದ ಮೋಡ ಕಾಣುತ್ತಿದೆ! "ಬಳೆ ಮಾತ್ರ ತೆಗೆಯಲ್ಲ ಕಣೋ" ಅಂದರು ಅಮ್ಮ. ಅವರು ಹೇಳಿದ್ದು ನನಗೆ ಸರಿ ಅನ್ನಿಸಿತು.

ಆಗ ನೀಲಿ ಬಟ್ಟೆಗೆ ಹೋದೆವು. ನೀಲಿಯೇ ಹಳೆಯದು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲೇ ತಂತ್ರಜ್ಞ ಲ್ಯಾರಿ ಬಟ್ಲರ್ ನೀಲಿ ಪರದೆ ಬಳಸಿದ್ದರು, ಮತ್ತು ಆ ವರ್ಷದ ವಿಶೇಷ ಪರಿಣಾಮಗಳ ಆಸ್ಕರ್ ಆ ಚಿತ್ರಕ್ಕೇ ಬಂತು. ಡಿಜಿಟಲ್ ಬಂದ ಮೇಲೆ ಹಸಿರು ಮುಂದೆ ಬಂದಿದ್ದಕ್ಕೆ ಕಾರಣ ಇದೆ: ಹೆಚ್ಚಿನ ಕ್ಯಾಮೆರಾ ಸೆನ್ಸರ್‌ಗಳಲ್ಲಿ (ಬೆಳಕನ್ನು ಹಿಡಿಯುವ ಚಿಪ್) ಪ್ರತಿ ನಾಲ್ಕು ಚುಕ್ಕೆಯಲ್ಲಿ ಎರಡು ಹಸಿರಿಗೆ, ಕೆಂಪಿಗೂ ನೀಲಿಗೂ ಒಂದೊಂದೇ. ಹಾಗಾಗಿ ಹಸಿರಿನ ಅಂಚು ಚೊಕ್ಕವಾಗಿ ಬಿಡಿಸಿಕೊಳ್ಳುತ್ತದೆ, ನೀಲಿಗೆ ಬೆಳಕು ಜಾಸ್ತಿ ಬೇಕು. ಪೇಟೆಯ ಬಟ್ಟೆ ಅಂಗಡಿಯಲ್ಲಿ ದೊಡ್ಡ ಪನ್ನದ, ಮಿಂಚಿಲ್ಲದ ದಪ್ಪ ಕಾಟನ್ ತಂದು ಟೈಲರ್ ಹತ್ತಿರ ಜೋಡಿಸಿ ಹೊಲಿಸಿದೆವು, ಇನ್ನೊಂದು ಲೈಟ್ ಸೇರಿಸಿದೆವು. ಅಮ್ಮ ಬಳೆ ಸಮೇತ ಹಾರಿದರು. ಟೇಬಲ್ ಫ್ಯಾನಿನ ಗಾಳಿಗೆ ಸೆರಗು ಬೀಸಿದ್ದು ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ನಾನು ಅದೊಂದನ್ನೇ ಹತ್ತು ಸಲ ನೋಡಿದ್ದೇನೆ.

ಒಬ್ಬರೇ ಇಬ್ಬರಾಗಿ ಕಾಣಬೇಕು ಅನ್ನೋದಷ್ಟೇ ಇದ್ದರೆ ಪರದೆಗೆ ದುಡ್ಡು ಹಾಕಬೇಡಿ. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್, ಅಲ್ವಾ? ರೀಲಿನ ಕಾಲದಲ್ಲಿ ಇಂಥ ಶಾಟ್‌ಗೆ ಲೆನ್ಸ್‌ನ ಅರ್ಧ ಮುಚ್ಚಿ ತೆಗೆದು, ರೀಲು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ತೆಗೆಯುವ ರೂಢಿ ಇತ್ತು. ಈಗ ಟ್ರೈಪಾಡ್ ಅಲುಗದಿದ್ದರೆ ಸಾಕು, ಎರಡು ಶಾಟ್ ಅರ್ಧರ್ಧ ಸೇರಿಸಬಹುದು. ನಡುವಿನ ಗೆರೆ ದಾಟಬಾರದು, ಬಿಸಿಲು ಸರಿಯುವ ಮೊದಲೇ ಎರಡನ್ನೂ ಮುಗಿಸಬೇಕು.

ಕುಳಿತು ಮಾತಾಡುವ ವಿಡಿಯೋಗಾದರೆ ಈ ಪರದೆ ಕೊಳ್ಳಿ, ಎರಡು ಪದರ ಮಾಡಿ ಹಾಕಿ. ಪೂರ್ತಿ ದೇಹ ಕಾಣುವ ಶಾಟ್‌ಗೆ ಅಂಗಡಿಯ ಕಾಟನ್ನೇ ವಾಸಿ. ಐದಕ್ಕೆ ಮೂರು ಸ್ಟಾರ್. ಮಡಚುವ ಬದಲು ರಟ್ಟಿನ ಕೊಳವೆಗೆ ಸುತ್ತಿ ಕಳಿಸಿದ್ದರೆ ನಾಲ್ಕು ಕೊಡುತ್ತಿದ್ದೆ.