ಮುಖಭಾವದ ಕಾರ್ಡ್‌ಗಳು: ಕೊಳ್ಳಬಹುದು, ಆದರೆ ಅರ್ಧ ಪಾಠ ನೀವೇ ಬರೆಯಬೇಕು

ಆಟಿಸಂ ಇರುವ ಮಕ್ಕಳಿಗೆಂದು ಬೆಳಗಾವಿ ಕಡೆಯ ಮನೆಗಳು ಆನ್‌ಲೈನ್‌ನಲ್ಲಿ ತರಿಸುವ ಸಾಮಾನುಗಳಲ್ಲಿ ಮುಖಭಾವದ ಫ್ಲ್ಯಾಶ್ ಕಾರ್ಡ್‌ಗಳೂ ಇರುತ್ತವೆ. ನಗು, ಅಳು, ಸಿಟ್ಟು, ಅಚ್ಚರಿ, ಹೀಗೆ ಕಾರ್ಡಿಗೊಂದು ಮುಖ. ಚಿತ್ರ ನೋಡಿ ಮಗು ಹೆಸರು ಹೇಳಬೇಕು.

ಮೊದಲು ಸಣ್ಣ ತಕರಾರು. ಮಿರಿಮಿರಿ ಲ್ಯಾಮಿನೇಶನ್ ಇದ್ದರೆ ಟ್ಯೂಬ್‌ಲೈಟಿನ ಕೆಳಗೆ ಹೊಳಪಷ್ಟೇ ಕಾಣುತ್ತದೆ. ಬೆಳಕು ತಾಳದ ಮಗು ಮುಖ ತಿರುಗಿಸುತ್ತದೆ, 'ಆಸಕ್ತಿ ಇಲ್ಲ' ಎಂಬ ಹಣೆಪಟ್ಟಿ ಬೀಳುತ್ತದೆ. ಮ್ಯಾಟ್ ಕಾಗದದ ಸೆಟ್ ಹುಡುಕಿ. ಚೂಪು ಮೂಲೆಗಳನ್ನು ಕತ್ತರಿಯಿಂದ ದುಂಡು ಮಾಡಿ. ಇಂಗ್ಲಿಷ್ ಪದದ ಮೇಲೆ ಚೀಟಿ ಅಂಟಿಸಿ ಮನೆಯ ಮಾತು ಬರೆಯಿರಿ: ಬ್ಯಾಸರ, ಸಿಟ್ಟು, ಅಂಜಿಕಿ. ಮನೆಯಲ್ಲಿ ಮರಾಠಿ ಇದ್ದರೆ ಮರಾಠಿ. ಒಮ್ಮೆಗೆ ನಾಲ್ಕು ಕಾರ್ಡ್, ಐದು ನಿಮಿಷ ಸಾಕು.

'ಕಣ್ಣಲ್ಲಿ ಕಣ್ಣಿಟ್ಟು ನೋಡಲು ಕಲಿಸಿ' ಎಂಬ ಸೂಚನೆ ಜೊತೆಗಿದ್ದರೆ ಅದನ್ನು ಪಕ್ಕಕ್ಕಿಡಿ. ಆಟಿಸಂ ಇರುವ ಅನೇಕರಿಗೆ ಎದುರಿನವರ ಕಣ್ಣು ನೋಡುವುದೂ ಮಾತು ಕೇಳುವುದೂ ಒಟ್ಟಿಗೆ ಆಗುವುದಿಲ್ಲ. ನೆಲ ನೋಡುವಾಗಲೇ ಕಿವಿ ಚೆನ್ನಾಗಿ ಕೆಲಸ ಮಾಡುತ್ತದೆ. (ಹಿರಿಯರ ಮುಂದೆ ಕಣ್ಣೆತ್ತಿ ಮಾತಾಡಿದರೆ ಗದರುವ ನಮ್ಮ ಮನೆಗಳಿಗೆ ಈ ಪಾಠದ ಅವಸರವೇಕೋ!)

ದೊಡ್ಡ ತಕರಾರು ಬೇರೆ. ಈ ಕಾರ್ಡ್‌ಗಳು ಮಗುವಿಗೆ ಲೋಕವನ್ನು ಓದಲು ಹೇಳುತ್ತವೆ. ಮಗುವನ್ನು ಓದಲು ಯಾರಿಗೂ ಹೇಳುವುದಿಲ್ಲ. ಸ್ವತಃ ಆಟಿಸ್ಟಿಕ್ ಆದ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ, ಆಟಿಸಂ ಇರುವವರು ಮತ್ತು ಇಲ್ಲದವರು ಒಬ್ಬರಿಗೊಬ್ಬರು ಅರ್ಥವಾಗದಿರುವುದು ಎರಡೂ ಕಡೆಯ ತೊಡಕು ಎಂದು ವಾದಿಸಿದ್ದರು. 2020ರಲ್ಲಿ ಸಂಶೋಧಕಿ ಕ್ಯಾಥರೀನ್ ಕ್ರಾಂಪ್ಟನ್ ಅವರ ತಂಡ ಎಂಟೆಂಟು ಜನರ ಸಾಲು ಮಾಡಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿತು. ಆಟಿಸ್ಟಿಕ್ ವಯಸ್ಕರೇ ಇದ್ದ ಸಾಲಿನಲ್ಲಿ ಕಥೆ ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಹೆಚ್ಚು ಸೋರಿದ್ದು ಎರಡೂ ಬೆರೆತ ಸಾಲಿನಲ್ಲಿ.

ಆದ್ದರಿಂದ ಸೆಟ್ಟಿಗೆ ಆರೆಂಟು ಖಾಲಿ ಕಾರ್ಡ್ ಸೇರಿಸಿ. ಇವು ಮನೆಯವರು ಕಲಿಯಲಿಕ್ಕೆ: ಮಗು ಏನು ಮಾಡಿದರೆ ಅದರ ಅರ್ಥವೇನು ಎಂದು ಇವುಗಳಲ್ಲಿ ಬರೆಯಬೇಕು. ಅಮ್ಮ ಅತ್ತಾಗ ಮಗು ಹೊರಗೆ ಓಡಿದರೆ ಆ ಅಳು ತಾಳಲಾರದಷ್ಟು ತಟ್ಟಿರಬಹುದು. ಲೋಟ ನೀರು ತಂದಿಟ್ಟು ಸುಮ್ಮನೆ ಹೋದರೆ ಅದೇ ಸಾಂತ್ವನ. ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಕಿವಿ ಮುಚ್ಚಿಕೊಂಡರೆ ಡೋಲಿನ ಏಟು ಜೋರಾಗಿದೆ, ನೆಂಟರ ಮೇಲೆ ಮುನಿಸೇನೂ ಇಲ್ಲ. ಕೈಗಳನ್ನು ರೆಕ್ಕೆಯಂತೆ ಬಡಿಯುವುದು ಒಂದು ಮಗುವಿಗೆ ಖುಷಿ, ಇನ್ನೊಂದಕ್ಕೆ ಗಾಬರಿ. ಎರಡು ವಾರ ಗಮನಿಸಿ, ಆಮೇಲೆ ಬರೆಯಿರಿ. ಮೊದಲ ದಿನವೇ ಬರೆದರೆ ನಿಮ್ಮ ಊಹೆಯೇ ಕಾರ್ಡಾಗುತ್ತದೆ.

ತನ್ನದೇ ಭಾವನೆಗೆ ಹೆಸರಿಡಲು ಆಗದ ಅಲೆಕ್ಸಿಥೈಮಿಯಾ ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇರುತ್ತದೆ. ಅಂಥವರಿಗೆ ಪರರ ಮುಖದಿಂದ ಪಾಠ ಶುರುವಾದರೆ ತಲೆಗೆ ಹತ್ತದು, ತನ್ನ ಮೈಯಿಂದ ಶುರುವಾಗಬೇಕು. ಇದಕ್ಕೆ ನಮ್ಮ ಭಾಗದ ಮಾತೇ ಬಂಗಾರ: ಎದಿ ಡವಡವ, ಹೊಟ್ಟ್ಯಾಗ ತಳಮಳ, ಕೈ ತಣ್ಣಗ. ಮೈಯ ಗೆರೆಚಿತ್ರ ಬಿಡಿಸಿ, ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಬಿಡಿ. 'ಹೊಟ್ಟಿಗಿ ಬೆಂಕಿ ಬಿತ್ತು' ಎಂಬಂಥ ಮಾತು ಬೇಡ, ನಿಜವೆಂದೇ ಹಿಡಿದು ಹೆದರುವವರಿದ್ದಾರೆ.

ಹದಿಹರೆಯದವರಿಗೆ ಈ ಸೆಟ್ ಕೊಡಬೇಡಿ. ಕೂಸಿನ ಆಟಿಕೆ ಕೊಟ್ಟಂತಾಗುತ್ತದೆ. 'ಈಗ ಮಾತು ಬೇಡ, ಪಕ್ಕದಲ್ಲಿ ಕೂತರೆ ಸಾಕು' ಎಂಬ ಒಂದು ಸಾಲನ್ನು ಅವರ ಮೊಬೈಲಿನಲ್ಲಿ ಮೊದಲೇ ಬರೆದಿಟ್ಟರೆ, ಬೇಕಾದಾಗ ತೋರಿಸುತ್ತಾರೆ.