ದೊಡ್ಡ ಅಡ್ವೆಂಚರ್ ಬೈಕ್: ಕೈಕೊಡೋದು ಇಂಜಿನ್ ಅಲ್ಲ, ಅದರ ಸುತ್ತ ಇರೋದು

ದೊಡ್ಡ ಅಡ್ವೆಂಚರ್ ಬೈಕ್ (ಡಾಂಬರು, ಕಚ್ಚಾ ರಸ್ತೆ ಎರಡರಲ್ಲೂ ದೂರ ಓಡಿಸುವ ಗಾಡಿ) ಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ. ಈಗಾಗಲೇ ಕೊಂಡು, ವಾರಂಟಿ ಮುಗಿಯುವ ಹೊತ್ತು ಹತ್ತಿರ ಬಂದಿದ್ದರೆ ಖಂಡಿತ ಓದಿ. ನನ್ನದು ಸಾವಿರ ಸಿಸಿ ದಾಟಿದ ಗಾಡಿ, ಚೈನ್ ಇರುವಂಥದ್ದು. ವಾರಂಟಿ ಇರುವಷ್ಟು ದಿನ, ಒಂದು ಸಣ್ಣ ಸುಳಿವು ಬಿಟ್ಟರೆ, ಒಂದು ಬಲ್ಬು ಕೂಡ ಹೋಗಲಿಲ್ಲ. ಅದು ಮುಗಿದ ಮೇಲೆ ಶುರುವಾಯಿತು ನೋಡಿ, ಒಂದರ ಹಿಂದೆ ಒಂದು.

ಇಂಜಿನ್ ಬಗ್ಗೆ ನನ್ನದೇನೂ ತಕರಾರಿಲ್ಲ. ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಆಯಿಲ್ ಕುಡಿಯಲ್ಲ, ಸದ್ದು ಬದಲಾಗಿಲ್ಲ. ಕೈಕೊಟ್ಟಿದ್ದು ವೈರು, ಕಪ್ಲರು (ವೈರು ಜೋಡಿಸುವ ಪ್ಲಗ್ಗು), ಬೋಲ್ಟು, ಬೇರಿಂಗು, ಸೀಟಿನ ಕೆಳಗಿನ ಸಬ್‌ಫ್ರೇಮು (ಸೀಟು, ಸಾಮಾನು ಹೊರುವ ಹಿಂಬದಿ ಚೌಕಟ್ಟು). ಅಂದರೆ ರಿವ್ಯೂನಲ್ಲಿ ಯಾರೂ ಮಾತಾಡದ ಸಾಮಾನುಗಳು.

ಕಂಪನಿ ಹೆಸರು ಹೇಳಲ್ಲ. ಹೇಳಿದರೆ ಬೇರೆ ಕಂಪನಿಯ ಗಾಡಿ ಇರೋರು "ಓ ಅದಾ, ನಮ್ದು ಹಂಗಲ್ಲ" ಅಂತ ಮುಂದೆ ಹೋಗ್ತಾರೆ. ನಾನು ನೋಡಿದ ಮಟ್ಟಿಗೆ ಈ ಕಾಯಿಲೆ ಈ ಜಾತಿಯ ಗಾಡಿಗಳದ್ದು, ಒಂದು ಬ್ರ್ಯಾಂಡಿನದ್ದಲ್ಲ.

ಮೊದಲ ಸುಳಿವು ಸಿಕ್ಕಿದ್ದು ಮಳೆಯಲ್ಲಿ. ಎಬಿಎಸ್ ದೀಪ ಹತ್ತಿತು. ಅದರ ಹಿಂದೆಯೇ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯೋದು) ಹೋಯಿತು, ಕ್ರೂಸ್ ಕಂಟ್ರೋಲ್ ಹೋಯಿತು. ಗಾಡಿ ನಿಲ್ಲಿಸಿ, ಕೀ ಆಫ್ ಮಾಡಿ ಆನ್ ಮಾಡಿದೆ. ಎಲ್ಲ ಸರಿಯಾಯಿತು. ಈ ಗಾಡಿಗಳಲ್ಲಿ ಎಲ್ಲವೂ ಒಂದನ್ನೊಂದು ನಂಬಿಕೊಂಡಿರುತ್ತವೆ. ಚಕ್ರದ ವೇಗ ಅಳೆಯುವ ಸೆನ್ಸರಿನ ಲೆಕ್ಕ ಒಂದು ಕ್ಷಣ ತಪ್ಪಿದರೂ ಸಾಕು, ಆ ಲೆಕ್ಕ ಬೇಕಾದ ಎಲ್ಲವೂ ಒಟ್ಟಿಗೆ ಕೆಲಸ ಬಿಡುತ್ತವೆ. ಡಿಸ್‌ಪ್ಲೇ ತುಂಬಾ ದೀಪ ಹತ್ತಿದ್ದು ನೋಡಿ ಗಾಡಿಯೇ ಹಾಳಾಯ್ತು ಅನ್ನಿಸುತ್ತೆ. ಎಷ್ಟೋ ಸಲ ಕೆಟ್ಟಿರೋದು ಒಂದೇ ಒಂದು ತಂತಿ.

ಆಮೇಲೆ ಒಂದು ಯು-ಟರ್ನ್. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದ್ದೆ, ನಡಿಗೆಯ ವೇಗ. ಇಂಜಿನ್ ಟಪ್ ಅಂತ ಆಫ್ ಆಯಿತು. ಅಷ್ಟು ನಿಧಾನದಲ್ಲಿ, ಅಷ್ಟು ವಾಲಿಕೊಂಡು, ಎಳೆಯುವ ಶಕ್ತಿ ನಿಂತರೆ 250 ಕೆ.ಜಿ. ಗಾಡಿಯನ್ನು ಒಂದು ಕಾಲಲ್ಲಿ ತಡೆಯೋಕೆ ಆಗಲ್ಲ. ಮಗುಚಿಕೊಂಡಿತು. ಕ್ರಾಶ್ ಗಾರ್ಡ್ ಇದ್ದಿದ್ದಕ್ಕೆ ಕಾಲು ಉಳಿಯಿತು. ಹಿಂದೆ ಲಾರಿ ಬರ್ತಿರಲಿಲ್ಲ, ಅದು ಪುಣ್ಯ.

ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿದರು. ವೋಲ್ಟೇಜ್ ಕಮ್ಮಿ ಅಂತ ಕೋಡ್ ಬಂತು. ಬ್ಯಾಟರಿ ಬದಲಾಯಿಸಿದರು. ಮತ್ತೆ ಆಫ್ ಆಯಿತು. ಸೈಡ್ ಸ್ಟ್ಯಾಂಡ್ ಸ್ವಿಚ್ ಬದಲಾಯಿಸಿದರು. ಮತ್ತೆ ಆಫ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಮೂರನೇ ಸಲ ಹೋದಾಗ ಹೇಳಿದ್ದು: "ಸರ್, ನೀವು ಹೊರಗಡೆ ಫಾಗ್ ಲ್ಯಾಂಪ್ ಹಾಕಿಸಿದೀರಲ್ಲ, ಅದರಿಂದ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿರಬೇಕು. ಆರ್ಡರ್ ಹಾಕೋಣವಾ?" ಫಾಗ್ ಲ್ಯಾಂಪಿಗೆ ಬೇರೆ ರಿಲೇ, ಬೇರೆ ಫ್ಯೂಸ್, ನೇರ ಬ್ಯಾಟರಿಯಿಂದ ಲೈನ್ ಇತ್ತು. ಅದನ್ನು ಪೂರ್ತಿ ಬಿಚ್ಚಿಸಿದೆ. ಆಮೇಲೂ ಆಫ್ ಆಯಿತು. ಆದರೂ ಇಸಿಯು ಅನ್ನೋ ಮಾತು ಬಿಡಲಿಲ್ಲ. ಅವರ ಕಷ್ಟ ಅರ್ಥವಾಗುತ್ತೆ. ರ್‍ಯಾಂಪ್ ಮೇಲೆ ಗಾಡಿ ನೇರ ನಿಂತಿರುತ್ತೆ, ಹ್ಯಾಂಡಲ್ ನೇರ ಇರುತ್ತೆ, ತೊಂದರೆ ಕಾಣಿಸಲ್ಲ. ಆದರೆ "ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಮಾತ್ರ ಆಗುತ್ತೆ" ಅಂತ ನಾನು ಪ್ರತಿ ಸಲ ಹೇಳಿದ್ದೆ. ಯಾರೂ ತಿರುಗಿಸಿ ನೋಡಲಿಲ್ಲ.

ಕೊನೆಗೆ ಹಿಡಿದಿದ್ದು ವೈರಿಂಗ್ ಕೆಲಸವನ್ನೇ ಮಾಡುವ ಒಬ್ಬ ಮೆಕ್ಯಾನಿಕ್. ಸ್ಕ್ಯಾನರ್ ಮುಟ್ಟಲಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆನ್ ಮಾಡಿ, ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದ. ಕೊನೆ ಮುಟ್ಟಿದ ತಕ್ಷಣ ಆಫ್. ಬಲಕ್ಕೆ ತಿರುಗಿಸಿ ಸ್ಟಾರ್ಟ್ ಮಾಡಿದ, ಆನ್. "ಇಲ್ಲೇ ಇದೆ" ಅಂತ ಟ್ಯಾಂಕ್ ಎತ್ತಿ, ಸ್ಟೀರಿಂಗ್ ಹೆಡ್ ಹಿಂದೆ ಹಾದುಹೋಗುವ ವೈರಿಂಗ್ ಕಟ್ಟಿನ ಟೇಪ್ ಬಿಚ್ಚಿದ. ಫ್ಯಾಕ್ಟರಿಯಲ್ಲೇ ಹಾಕಿದ್ದ ಒಂದು ಕೇಬಲ್ ಟೈ, ಸಿಕ್ಕಾಪಟ್ಟೆ ಬಿಗಿ. ಅದರಿಂದ ಸ್ವಿಚ್ ಕಡೆಗೆ ಹೋಗುವ ವೈರುಗಳಿಗೆ ಒಂದು ಬೆರಳಿನಷ್ಟೂ ಸಡಿಲ ಬಿಟ್ಟಿರಲಿಲ್ಲ. ಹ್ಯಾಂಡಲ್ ತಿರುಗಿದಾಗಲೆಲ್ಲ ಅವು ಎಳೆದುಕೊಂಡು, ಅದೇ ಜಾಗದಲ್ಲಿ ಬಾಗಿ ಬಾಗಿ ಸವೆದಿದ್ದವು. ಒಂದು ವೈರಿನ ಮೇಲ್ಪದರ ಹರಿದು ಒಳಗೆ ನೀರು ಹೋಗಿತ್ತು. ತಾಮ್ರ ಹಸಿರಾಗಿತ್ತು. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಎರಡೋ ಮೂರೋ ಎಳೆ ಮಾತ್ರ ಉಳಿದಿದ್ದವು. ಇಷ್ಟು ದೊಡ್ಡ ಗಾಡಿ ಆ ಎರಡು ಮೂರು ಎಳೆಯ ಮೇಲೆ ಓಡುತ್ತಿತ್ತು.

ಹಾಳಾದ ಭಾಗ ಕತ್ತರಿಸಿ, ಸ್ವಲ್ಪ ಉದ್ದ ಜಾಸ್ತಿ ಮಾಡಿ ಹೊಸ ತುಂಡು ಸೇರಿಸಿದ. ಸೋಲ್ಡರ್ ಮಾಡಲಿಲ್ಲ, ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿಟ್ಟು ಒತ್ತಿ ಕೂಡಿಸಿ) ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಅಂಟುವ ಕೊಳವೆ) ಎಳೆದ. ಯಾಕೆ ಅಂತ ಕೇಳಿದೆ. ಬಾಗುವ ಜಾಗದಲ್ಲಿ ಸೋಲ್ಡರ್ ಮಾಡಿದರೆ ವೈರು ಅಲ್ಲಿ ಕಡ್ಡಿಯಾಗುತ್ತೆ, ಆ ಗಟ್ಟಿ ಭಾಗ ಮುಗಿಯುವ ಕಡೆ ಮತ್ತೆ ಮುರಿಯುತ್ತೆ ಅಂದ. ಇದನ್ನು ಬರೆದಿಟ್ಟುಕೊಳ್ಳಿ, ಯಾವತ್ತಾದರೂ ಬೇಕಾಗುತ್ತೆ.

ಅದೇ ಮೆಕ್ಯಾನಿಕ್ ಇನ್ನೊಂದು ಕಡೆ ಬೆರಳು ತೋರಿಸಿದ. ಸೈಡ್ ಬಾಕ್ಸ್ ರ್‍ಯಾಕ್ ಸಬ್‌ಫ್ರೇಮಿಗೆ ಸೇರುವ ಜಾಗ, ವೆಲ್ಡಿಂಗ್ ಪಕ್ಕ. ಕಪ್ಪು ಪೌಡರ್ ಕೋಟಿಂಗ್ ಮೇಲೆ ಕೂದಲಿನಷ್ಟು ತೆಳು ಕಂದು ಗೆರೆ. ನನಗೆ ಅದು ಕೆಸರಿನ ಕಲೆ ಥರ ಕಂಡಿತು. ಬಟ್ಟೆಯಲ್ಲಿ ಒರೆಸಿದ, ಹೋಗಲಿಲ್ಲ. ರ್‍ಯಾಕ್ ಹಿಡಿದು ಕೆಳಗೆ ಒತ್ತಿದ, ಗೆರೆ ಬಾಯಿ ಬಿಟ್ಟಿತು. ಬಿರುಕು. ಒಳಗಿನ ತುಕ್ಕು ಹೊರಗೆ ಬಂದು ಗೆರೆ ಎಳೆದಿತ್ತು ಅಷ್ಟೆ.

ಇದಕ್ಕೆ ಸರ್ವಿಸ್ ಸೆಂಟರ್ ಕೊಟ್ಟ ಉತ್ತರ ಒಂದೇ ಪದ: ಓವರ್‌ಲೋಡ್. ನಿಜ ಹೇಳಬೇಕೆಂದರೆ ಈ ಮಾತಿಗೆ ಅವರ ಬಳಿ ದಾಖಲೆ ಇರುತ್ತೆ. ಬಾಕ್ಸ್ ಎಷ್ಟೇ ದೊಡ್ಡದಿರಲಿ, ಅನೇಕ ಕಂಪನಿಗಳು ಒಂದು ಬಾಕ್ಸಿಗೆ 10 ಕೆ.ಜಿ. ಆಸುಪಾಸು ಮಾತ್ರ ಹಾಕಿ ಅಂತ ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಖಾಲಿ ಅಲ್ಯೂಮಿನಿಯಂ ಬಾಕ್ಸೇ ಒಂದಷ್ಟು ತೂಗುತ್ತೆ ಅಲ್ವಾ? ಜಾಹೀರಾತಿನಲ್ಲಿ ಮಾತ್ರ ಮೂರು ಬಾಕ್ಸ್ ತುಂಬಿಸಿ, ಮೇಲೆ ಟೆಂಟ್ ಕಟ್ಟಿ, ಮರಳಲ್ಲಿ ಹಾರಿಸಿರುತ್ತಾರೆ. ನಾನು ಆ ಮಿತಿಯೊಳಗೇ ಇದ್ದೆ. ಆದರೆ ಅದನ್ನು ಸಾಬೀತು ಮಾಡೋದು ಹೇಗೆ? ಬಿರುಕು ಬಿಟ್ಟ ಮೇಲೆ ನಿಮ್ಮ ಮಾತಿಗೆ ಬೆಲೆ ಇಲ್ಲ. ಕಡೆಗೆ ಒಂದಷ್ಟು ಖರ್ಚು ಅವರು, ಉಳಿದದ್ದು ನಾನು ಅಂತಾಯಿತು. ಹೊಸ ಸಬ್‌ಫ್ರೇಮ್ ಬರೋಕೆ ತಿಂಗಳುಗಟ್ಟಲೆ ಆಯಿತು. ಅಷ್ಟು ದಿನ ಗಾಡಿ ಹೊದಿಕೆಯ ಕೆಳಗೆ.

ಹೀಗೆ ಯಾಕಾಗುತ್ತೆ ಅಂತ ನೋಡಿದರೆ ತೂಕಕ್ಕೇ ಬಂದು ನಿಲ್ಲುತ್ತೆ. ಬಿಎಂಡಬ್ಲ್ಯು ಆರ್ 1250 ಜಿಎಸ್ ಉದಾಹರಣೆಗೆ ತಗೊಳ್ಳಿ. ಪೆಟ್ರೋಲ್ ತುಂಬಿಸಿದರೆ 249 ಕೆ.ಜಿ. ಗಾಡಿಯ ತೂಕ, ಸವಾರ, ಹಿಂದಿನ ಸವಾರ, ಸಾಮಾನು ಎಲ್ಲ ಸೇರಿ 465 ಕೆ.ಜಿ. ತನಕ ಅನುಮತಿ. ಕಾಗದದ ಮೇಲೆ ದೊಡ್ಡ ಸಾಮರ್ಥ್ಯ, ಸರಿ. ಆದರೆ ಒಂದು ಗುಂಡಿಗೆ ಚಕ್ರ ಇಳಿದಾಗ ಆ ಭಾರದ ಪೆಟ್ಟು ಹೋಗೋದು ಇದೇ ಬೇರಿಂಗಿಗೆ, ಇದೇ ವೆಲ್ಡಿಂಗಿಗೆ, ಇದೇ ಸ್ಪೋಕಿಗೆ. ಹಗುರವಾದ 400 ಸಿಸಿ ಗಾಡಿಯಲ್ಲಿ ಅದೇ ಗುಂಡಿ ಏನೂ ಅಲ್ಲ. ಮೇಲೆ ಉದ್ದ ಸಸ್ಪೆನ್ಷನ್, ಕಂಪನ, ನೀರು, ಕೆಸರು. ಅದರ ಜೊತೆ ಒಂದು ಸಣ್ಣ ಕಾರಿನಷ್ಟು ಎಲೆಕ್ಟ್ರಾನಿಕ್ಸ್, ಆದರೆ ಕಾರಿನ ಹಾಗೆ ಬಾನೆಟ್ ಕೆಳಗೆ ಒಣಗಿ ಕೂತಿರಲ್ಲ. ಎಲ್ಲ ಗಾಳಿ ಮಳೆಗೆ ತೆರೆದೇ ಇರುತ್ತೆ.

ಹೆಸರುವಾಸಿ ಗಾಡಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2017ರಲ್ಲಿ ಬಿಎಂಡಬ್ಲ್ಯು ತನ್ನ ಆರ್ 1200 ಜಿಎಸ್ ಗಾಡಿಗಳನ್ನು ಮುಂದಿನ ಫೋರ್ಕ್ ಕೊಳವೆಯ ತೊಂದರೆಗಾಗಿ ವಾಪಸ್ ಕರೆಯಿತು. 2022ರಲ್ಲಿ ಅದೇ ಕಂಪನಿ ಈ ಸಾಲಿನ ಗಾಡಿಗಳ ಡ್ರೈವ್ ಶಾಫ್ಟ್ (ಚೈನ್ ಬದಲು ಹಿಂದಿನ ಚಕ್ರ ತಿರುಗಿಸುವ ದಂಡ) ಅನ್ನು ಪ್ರತಿ 60,000 ಕಿ.ಮೀ.ಗೆ ಬದಲಾಯಿಸಬೇಕು ಅಂತ ಹೇಳಿತು. ಅಲ್ಲಿ ಸಮಸ್ಯೆ ನೀರು ಒಳಗೆ ಸೇರಿ ಜಾಯಿಂಟ್ ತುಕ್ಕು ಹಿಡಿಯೋದು. ಶಾಫ್ಟ್ ಅಂದರೆ ಜೀವನಪೂರ್ತಿ ಚಿಂತೆ ಇಲ್ಲ ಅಂದುಕೊಂಡವರು ಎಷ್ಟು ಜನ! ಕಂಪನಿ ಕರೆದು ಸರಿಮಾಡಿಕೊಟ್ಟರೆ ಒಳ್ಳೆಯದೇ, ಅದಕ್ಕೆ ನಾನು ಬೈಯಲ್ಲ. ನನ್ನ ಗಾಡಿಯ ಕೇಬಲ್ ಟೈ ಥರದ್ದಕ್ಕೆ ಯಾರೂ ಕರೆಯಲ್ಲ, ಅದೇ ಹೊಟ್ಟೆಯುರಿ.

ಬ್ರೋಷರ್‌ನಲ್ಲಿ ಹೆಮ್ಮೆಯಿಂದ ಬರೆಯೋದು ವಾಲ್ವ್ ಚೆಕ್ (ಇಂಜಿನ್ ವಾಲ್ವ್‌ಗಳ ಸಂದಿ ಸರಿ ಇದೆಯಾ ನೋಡೋದು) ಎಷ್ಟು ಕಿಲೋಮೀಟರಿಗೆ ಅನ್ನೋದು. ಡುಕಾಟಿ ಮಲ್ಟಿಸ್ಟ್ರಾಡಾ ವಿ4ಗೆ 60,000 ಕಿ.ಮೀ. ಹೋಂಡಾ ಆಫ್ರಿಕಾ ಟ್ವಿನ್‌ಗೆ 24,000. ಇಂಜಿನ್ ಅಷ್ಟು ಗಟ್ಟಿ ಅಂತ ನಂಬಬಹುದು. ಆದರೆ ಹ್ಯಾಂಡಲಿನ ಕೋನ್ ಸೆಟ್ಟಿಗೆ (ಹ್ಯಾಂಡಲ್ ತಿರುಗುವ ಬೇರಿಂಗ್ ಜೋಡಿ) ಫ್ಯಾಕ್ಟರಿಯಲ್ಲಿ ಎಷ್ಟು ಗ್ರೀಸ್ ಹಾಕಿದ್ದಾರೆ ಅಂತ ಯಾವ ಬ್ರೋಷರ್ ಹೇಳುತ್ತೆ? ನನ್ನದನ್ನು ಬಿಚ್ಚಿದಾಗ ಕೆಳಗಿನ ಬೇರಿಂಗಿನಲ್ಲಿ ಗ್ರೀಸ್ ಅನ್ನೋದು ಹೆಸರಿಗಷ್ಟೇ ಇತ್ತು. ರೇಸ್ ಮೇಲೆ, ಅಂದರೆ ಬೇರಿಂಗ್ ಉರುಳುವ ಬಳೆಯ ಮೇಲೆ, ಸಾಲಾಗಿ ಗುಳಿ ಬಿದ್ದಿತ್ತು.

ಬೋಲ್ಟುಗಳ ಕತೆ ಚಿಕ್ಕದಾಗಿ ಹೇಳ್ತೀನಿ. ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟ್ ಹಾಕಿ, ಆ ಸಂದಿಗೆ ನೀರು ಸೇರಿದರೆ ಎರಡು ಲೋಹಗಳ ನಡುವೆ ತುಕ್ಕಿನ ಆಟ ಶುರು. ಬಿಳಿ ಪುಡಿ ಕಟ್ಟಿಕೊಂಡು ಬೋಲ್ಟ್ ಜಾಮ್ ಆಗುತ್ತೆ. ಬಲವಂತ ಮಾಡಿದರೆ ತಲೆ ಮುರಿಯುತ್ತೆ, ಇಲ್ಲವೇ ಒಳಗಿನ ಚೂಡಿಯೇ (ಥ್ರೆಡ್) ಕಿತ್ತು ಬರುತ್ತೆ. ಗಾಡಿ ಹೊಸದಿದ್ದಾಗಲೇ ಮುಖ್ಯವಾದವನ್ನು ಒಂದೊಂದಾಗಿ ಬಿಚ್ಚಿ, ಆಂಟಿ-ಸೀಜ್ (ಬೋಲ್ಟ್ ಜಾಮ್ ಆಗದಂತೆ ಹಚ್ಚುವ ಪೇಸ್ಟ್) ಹಚ್ಚಿ, ಸರಿಯಾದ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆಗೆ) ಬಿಗಿ ಮಾಡಿಸಿ. ಆಂಟಿ-ಸೀಜ್ ಹಚ್ಚಿದ ಬೋಲ್ಟಿಗೆ ಅಷ್ಟೇ ಟಾರ್ಕ್ ಕೊಟ್ಟರೂ ಜಾಸ್ತಿ ಬಿಗಿಯಾಗುತ್ತೆ, ಮೆಕ್ಯಾನಿಕ್‌ಗೆ ಅದು ಗೊತ್ತಿರಬೇಕು. ಬ್ರೇಕ್ ಕ್ಯಾಲಿಪರ್ ಬೋಲ್ಟಿಗೆ ಮ್ಯಾನ್ಯುಯಲ್ ಹೇಳಿದ್ದು ಬಿಟ್ಟು ಏನೂ ಹಚ್ಚಬೇಡಿ.

ಈಗ ವಾರಂಟಿ ಮುಗಿಯೋಕೆ ಕೆಲವು ತಿಂಗಳು ಉಳಿದಿರುವವರು ಮಾಡಬೇಕಾದ್ದು. ಇಂಜಿನ್ ಆನ್ ಇಟ್ಟು, ನ್ಯೂಟ್ರಲ್‌ನಲ್ಲಿ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಹಲವು ಸಲ ತಿರುಗಿಸಿ. ದೀಪ ಮಿಣುಕಿದರೂ ಸಾಕು, ಅದು ದೂರು ಕೊಡೋಕೆ ಕಾರಣ. ಆಮೇಲೆ ಮುಂದಿನ ಚಕ್ರ ನೆಲ ಬಿಟ್ಟು ಎತ್ತಿಸಿ, ಎರಡು ಬೆರಳಲ್ಲಿ ಹ್ಯಾಂಡಲ್ ತಿರುಗಿಸಿ. ನೇರ ಬಂದಾಗ ಒಂದು ಸಣ್ಣ ಗುಳಿಗೆ ಬಿದ್ದು ನಿಂತ ಹಾಗೆ ಅನ್ನಿಸಿದರೆ ಕೋನ್ ಸೆಟ್ ಮುಗಿದಿದೆ. ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ, ಲಟಕ್ ಅಂದರೆ ಬೇರಿಂಗ್ ಅನುಮಾನ. ಸೀಟ್ ತೆಗೆದು, ಟಾರ್ಚ್ ಹಿಡಿದು ಪ್ರತಿ ವೆಲ್ಡಿಂಗ್ ನೋಡಿ. ಸೈಡ್ ಪ್ಯಾನಲ್ ಕೂಡ ಬಿಚ್ಚಿ. ಒಂದೆರಡು ಕಪ್ಲರ್ ತೆರೆದು ನೋಡಿ, ಪಿನ್ ಮೇಲೆ ಹಸಿರು ಕಂಡರೆ ಉಳಿದವೂ ಹಾಗೇ ಇರಬಹುದು. ಹೈ ಪ್ರೆಷರ್ ವಾಶ್ ಮಾಡಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಆ ನೀರು ಸೀಲ್ ದಾಟಿ ಬೇರಿಂಗಿಗೆ, ಕಪ್ಲರಿಗೆ ನುಗ್ಗುತ್ತೆ.

ಹಳೇ ಗಾಡಿ ಕೊಳ್ಳುವವರೂ ಇಷ್ಟನ್ನೇ ಮಾಡಿ. ಮಾರುವವರು ಬಿಚ್ಚೋಕೆ ಬಿಡಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ. ಓಡಿದ ಕಿಲೋಮೀಟರ್ ಕಮ್ಮಿ ಅಂತ ಖುಷಿಪಡಬೇಡಿ. ತುಕ್ಕು ಕಿಲೋಮೀಟರ್ ನೋಡಿ ಬರಲ್ಲ, ನಿಂತ ಗಾಡಿಗೂ ಬರುತ್ತೆ. ಅವತ್ತು ಅದೇ ಮೆಕ್ಯಾನಿಕ್ ಹತ್ತಿರ ಬಂದಿದ್ದ ಇನ್ನೊಂದು ದೊಡ್ಡ ಗಾಡಿ ನನ್ನದರ ಅರ್ಧದಷ್ಟೂ ಓಡಿರಲಿಲ್ಲ. ಅದರ ಕಪ್ಲರುಗಳು ನನ್ನವಕ್ಕಿಂತ ಕೆಟ್ಟದಾಗಿದ್ದವು.

ದೂರು ಕೊಡುವಾಗ ಬಾಯಲ್ಲಿ ಹೇಳಿ ಬರಬೇಡಿ. "ನೋಡಿದೀವಿ ಸರ್, ಏನಿಲ್ಲ" ಅನ್ನೋ ಮಾತಿಗೆ ಆಮೇಲೆ ಸಾಕ್ಷಿ ಇರಲ್ಲ. ಯಾವಾಗ ಆಗುತ್ತೆ, ಹೇಗೆ ಆಗುತ್ತೆ ಅನ್ನೋದನ್ನು ನಿಮ್ಮ ಮಾತಲ್ಲೇ ಜಾಬ್ ಕಾರ್ಡ್‌ನಲ್ಲಿ ಬರೆಸಿ, ದಿನಾಂಕ, ಕಿಲೋಮೀಟರ್ ಸಮೇತ, ಒಂದು ಪ್ರತಿ ಇಟ್ಟುಕೊಳ್ಳಿ. ಜೊತೆಗೆ ವಿಡಿಯೋ ಕೂಡ ಮಾಡಿಡಿ. ನನ್ನ ಮೊದಲ ಎಬಿಎಸ್ ದೀಪ ವಾರಂಟಿ ಇರುವಾಗಲೇ ಹತ್ತಿತ್ತು. ಹೇಳಿದ್ದೆ. ಜಾಬ್ ಕಾರ್ಡ್‌ನಲ್ಲಿ ಇರೋದು "ಜನರಲ್ ಚೆಕಪ್, ವಾಟರ್ ವಾಶ್" ಅಂತ ಮಾತ್ರ.